ಮಂತ್ರಕ್ಕಿಂತ ಉಗುಳು ಜಾಸ್ತಿ

ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎಂದು ನಮ್ಮ ಹಿರಿಯರು ಒಂದು ಪ್ರಶ್ನೆ ಕೇಳಿ ಸುಮ್ಮನಾದರು. ಈಗಿನ ಫ್ಯಾಂಟಸಿ ಓದುಗರು ಸುಮ್ಮನಾಗುವ ಪೈಕಿ ಅಲ್ಲ. ಉದುರಿತು ಅಂತ ಲೇಖಕ ಬರೆದ ಮೇಲೆಯೇ ಅವರ ಕೆಲಸ ಶುರು. ಕಾಯಿಯ ತೂಕ ಎಷ್ಟು? ಮಂತ್ರ ಹೇಳಿದವನು ಮರದಿಂದ ಎಷ್ಟು ದೂರ ನಿಂತಿದ್ದ? ಕಾಯಿ ಉದುರಿಸುವ ಶಕ್ತಿ ಎಲ್ಲಿಂದ ಬಂತು? ಅಷ್ಟೇ ಪ್ರಮಾಣದಲ್ಲಿ ಅವನಿಗೆ ಹಸಿವಾಯಿತೇ? ಆಗದಿದ್ದರೆ ಶಕ್ತಿ ಸಂರಕ್ಷಣಾ ನಿಯಮದ ಗತಿ ಏನು? ಹೀಗೆ ಪುಟಗಟ್ಟಲೆ ಥಿಯರಿ, ಕೊನೆಗೊಂದು ಕೋಷ್ಟಕ. ಅದರ ಕೆಳಗೆ ಇನ್ನೊಬ್ಬ ಪಂಡಿತನ ತಕರಾರು: ಅದು ಮಾವಿನಕಾಯಿಯೇ ಅಲ್ಲ, ವೇಷ ಮರೆಸಿಕೊಂಡ ಹಳೇ ದೇವತೆ.

ಈ ವಿದ್ಯೆಗೆ ರಾಜಧಾನಿ ಅಂತ ಒಂದಿದ್ದರೆ ಅದು ‘ಕಾಸ್ಮಿಯರ್’. ಅಮೆರಿಕದ ಯೂಟಾದಲ್ಲಿ ಕೂತು ಬರೆಯುವ ಬ್ರ್ಯಾಂಡನ್ ಸ್ಯಾಂಡರ್ಸನ್ ಕಟ್ಟಿದ ಲೋಕ. 2005ರಲ್ಲಿ ಒಂದು ಕಾದಂಬರಿಯಿಂದ ಶುರುವಾದದ್ದು ಇನ್ನೂ ಮುಗಿದಿಲ್ಲ. ಹಲವು ಗ್ರಹಗಳು, ಗ್ರಹಕ್ಕೊಂದು ಬಗೆಯ ಮಾಯೆ. ಒಂದು ಕಡೆ ನಿಮ್ಮ ಉಸಿರನ್ನು ಧಾರೆ ಎರೆದರೆ ಬಟ್ಟೆಗೆ ಜೀವ ಬರುತ್ತದೆ. ಇನ್ನೊಂದು ಕಡೆ ಬಿರುಗಾಳಿಯ ಬೆಳಕನ್ನು ರತ್ನದಲ್ಲಿ ತುಂಬಿಟ್ಟುಕೊಂಡು ಗೋಡೆಯ ಮೇಲೆ ನಡೆಯುತ್ತಾರೆ. ಎಲ್ಲಕ್ಕೂ ಒಳಗೊಳಗೇ ನಂಟು. ಹೋಯ್ಡ್ ಎಂಬ ಆಸಾಮಿಯೊಬ್ಬ ಒಂದಾದ ಮೇಲೊಂದು ಪುಸ್ತಕದಲ್ಲಿ ಯಾವುದಾದರೂ ಮೂಲೆಯಲ್ಲಿ ನಿಂತಿರುತ್ತಾನೆ, ಬೇರೆ ಬೇರೆ ಹೆಸರಿನಲ್ಲಿ. 2022ರ ಮಾರ್ಚ್‌ನಲ್ಲಿ ಸ್ಯಾಂಡರ್ಸನ್ ಅವರು ಗುಟ್ಟಾಗಿ ನಾಲ್ಕು ಕಾದಂಬರಿ ಬರೆದಿಟ್ಟಿದ್ದೇನೆ, ಬೇಕಾದವರು ಮುಂಗಡ ಕೊಡಿ ಎಂದು ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದರು. 1 ಲಕ್ಷ 85 ಸಾವಿರ ಜನ ಸೇರಿ 4 ಕೋಟಿ 17 ಲಕ್ಷ ಡಾಲರ್ ಸುರಿದರು. ಇಷ್ಟು ದುಡ್ಡು ಹಾಕಿದ ಮೇಲೆ ಸುಮ್ನೆ ಓದಿ ಕಪಾಟಿಗೆ ಸೇರಿಸಿ ಅಂದರೆ ಯಾರು ಕೇಳುತ್ತಾರೆ? ಲೆಕ್ಕ ಬೇಕಲ್ವಾ.

ಬೆಂಗಳೂರಿನಲ್ಲೂ ಈ ಭಕ್ತರಿಗೆ ಬರವಿಲ್ಲ. ಸಾಫ್ಟ್‌ವೇರ್ ಹುಡುಗನೊಬ್ಬನನ್ನು, ಏನಪ್ಪಾ ಆ ಪುಸ್ತಕದ ಮ್ಯಾಜಿಕ್‌ನಲ್ಲಿ ಅಂಥ ವಿಶೇಷ ಎಂದು ಕೇಳಿದೆ. ಅವನಿಗೆ ನಿಜಕ್ಕೂ ನೋವಾಯಿತು. “ಸಾರ್, ಅದು ಮ್ಯಾಜಿಕ್ ಅಲ್ಲ. ಮ್ಯಾಜಿಕ್ ಸಿಸ್ಟಮ್” ಎಂದ. ಹಗಲೆಲ್ಲ ಆಫೀಸಿನಲ್ಲಿ ಸಿಸ್ಟಮ್ ಮುಂದೆ ಕೂತು ಸುಸ್ತಾದವನು ರಾತ್ರಿ ತಪ್ಪಿಸಿಕೊಂಡು ಓಡುವುದೂ ಒಂದು ಸಿಸ್ಟಮ್ಮಿನೊಳಕ್ಕೇ.

ಅವನ ಮೆಚ್ಚಿನ ಸಿಸ್ಟಮ್ ‘ಮಿಸ್ಟ್‌ಬಾರ್ನ್’ ಸರಣಿಯದು, 2006ರದು. ಹೆಸರು ಅಲೋಮ್ಯಾನ್ಸಿ. ಲೋಹದ ಪುಡಿಯನ್ನು ನುಂಗಬೇಕು, ಹೊಟ್ಟೆಯೊಳಗೆ ಅದನ್ನು ‘ಉರಿಸಬೇಕು’. ಉಕ್ಕು ಉರಿಸಿದರೆ ಸುತ್ತಲಿನ ಲೋಹವನ್ನು ದೂರ ತಳ್ಳಬಹುದು, ಕಬ್ಬಿಣ ಉರಿಸಿದರೆ ಹತ್ತಿರ ಎಳೆಯಬಹುದು. ತವರ ಉರಿಸಿದರೆ ಕಣ್ಣು ಕಿವಿ ಚುರುಕು. ಹಿತ್ತಾಳೆ ಉರಿಸಿದರೆ ಎದುರಿಗಿದ್ದವರ ಸಿಟ್ಟು ಇಳಿಯುತ್ತದೆ. (ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿಗೆ ಇದೊಂದು ಸಿಕ್ಕಿದ್ದರೆ!) ಹಾರಬೇಕೆಂದರೆ ನಾಣ್ಯವೊಂದನ್ನು ನೆಲಕ್ಕೆ ಎಸೆದು ತಳ್ಳಬೇಕು. ನೆಲ ಅಡ್ಡ ಇರುವುದರಿಂದ ನಾಣ್ಯ ಕೆಳಗೆ ಹೋಗಲಾರದು, ಆದ್ದರಿಂದ ನೀವೇ ಮೇಲಕ್ಕೆ ಹೋಗುತ್ತೀರಿ. ರಾತ್ರಿ ಹೊತ್ತು, ಮಂಜು ಕವಿದ ಊರಿನ ಮೇಲೆ ಹೀಗೆ ನಾಣ್ಯ ಎಸೆದುಕೊಂಡು ಹಾರುವುದನ್ನು ಓದುವುದು ಮಜವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯೂಟನ್ನನ ಮೂರನೇ ನಿಯಮವನ್ನು ಲೇಖಕ ಒಳಗೆ ಬಿಟ್ಟುಕೊಂಡದ್ದೇ ತಪ್ಪಾಯಿತು. ಅದರ ಬೆನ್ನಿಗೇ ಇಡೀ ಭೌತಶಾಸ್ತ್ರ ವಿಭಾಗ ನುಗ್ಗಿಬಿಟ್ಟಿತು.

ಮೊದಲು ಬಂದದ್ದು ರಕ್ತದ ಪ್ರಶ್ನೆ. ಮನುಷ್ಯನ ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಹಾಗಾದರೆ ಶತ್ರುವನ್ನು ಅವನ ಹಿಮೋಗ್ಲೋಬಿನ್ ಹಿಡಿದೇ ಎಳೆದುಹಾಕಬಹುದಲ್ಲ? ಮೈಯೊಳಗಿನ ಲೋಹಕ್ಕೆ ಹೊರಗಿನವರ ಬಲ ಸುಲಭವಾಗಿ ತಾಗುವುದಿಲ್ಲ ಎಂದು ಪುಸ್ತಕದಲ್ಲೇ ಇದೆ. ಇದ್ದರೇನು? ಗಾಯವಾಗಿ ರಕ್ತ ಹೊರಗೆ ಚೆಲ್ಲಿದ ಮೇಲೆ ಅದು ಮೈಯೊಳಗಿನದೋ ಹೊರಗಿನದೋ? ಹನಿ ಚರ್ಮಕ್ಕೆ ಅಂಟಿಕೊಂಡಿದ್ದರೆ? ಈ ಜಾಡಿನಲ್ಲೇ ಹೋದರೆ ನುಗ್ಗೆಸೊಪ್ಪಿನ ಪಲ್ಯ ತಿಂದವನು ಅಲ್ಪಸ್ವಲ್ಪ ಎಳೆಯಬಲ್ಲನೇ ಎಂಬಲ್ಲಿಗೂ ಬರಬೇಕಾಗುತ್ತದೆ. ಇನ್ನೂ ಯಾರೂ ಬಂದಿಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ.

ಆಮೇಲೆ 2011ರಲ್ಲಿ ಅದೇ ಲೋಕದ ಮುಂದಿನ ಕಾಲದ ಕಥೆ ಬಂತು. ಅದರ ನಾಯಕ ವ್ಯಾಕ್ಸ್ ತನ್ನ ಮೈತೂಕವನ್ನೇ ಲೋಹದಲ್ಲಿ ಜಮಾ ಮಾಡಿ ಹಗುರಾಗಬಲ್ಲ, ಬೇಕಾದಾಗ ಡ್ರಾ ಮಾಡಿ ಭಾರವಾಗಬಲ್ಲ. ಕಥೆಯಲ್ಲಿ ಅವನು ಕಳ್ಳರ ಹಿಂದೆ ಬಿದ್ದಿರುತ್ತಾನೆ, ಅಭಿಮಾನಿಗಳು ಅವನ ಸಂವೇಗದ ಹಿಂದೆ. ಗಾಳಿಯಲ್ಲಿ ಹಾರುತ್ತಿರುವಾಗಲೇ ತೂಕ ಹೆಚ್ಚಿಸಿಕೊಂಡರೆ ವೇಗ ಇಳಿಯಬೇಕೋ ಬೇಡವೋ? ಅವನ ಗೆಳೆಯ ವೇಯ್ನ್ ಇನ್ನೂ ಅಪಾಯಕಾರಿ. ಅವನು ಒಂದು ಗುಳ್ಳೆ ಮಾಡಿದರೆ ಅದರೊಳಗೆ ಕಾಲ ಬೇಗ ಬೇಗ ಓಡುತ್ತದೆ. ಒಳಗಿನಿಂದ ಹೊರಬರುವ ಬೆಳಕಿನ ಬಣ್ಣ ಆಗ ಬದಲಾಗಬೇಕಲ್ಲ? ಗುಳ್ಳೆ ಜೋರಾಗಿದ್ದರೆ ಅದು ಎಕ್ಸ್‌ರೇ ಆಗಿ ದಾರಿಹೋಕರನ್ನು ಸುಡಬೇಕಲ್ಲ? ಕಾಲವನ್ನೇ ಗುಳ್ಳೆ ಮಾಡಬಲ್ಲವನನ್ನು ಇವರು ಚಕಾರವಿಲ್ಲದೆ ಒಪ್ಪಿದ್ದಾರೆ. ಗಂಟಲಲ್ಲಿ ಸಿಕ್ಕಿಕೊಂಡಿರುವುದು ಬೆಳಕಿನ ಬಣ್ಣ.

ಇದೇ ಮನುಷ್ಯನನ್ನು ನಿಮ್ಮ ಮನೆ ಕರೆಂಟ್ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಅಂತ ಯಾಕೆ ಹಾಕಿದ್ದಾರೆ ಎಂದು ಕೇಳಿ ನೋಡಿ. ಗೊತ್ತಿರುವುದಿಲ್ಲ. ಯಾವತ್ತೂ ಓದಿಯೇ ಇರುವುದಿಲ್ಲ.

ಅಜ್ಜಿ ಹೇಳಿದ ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಗಿಳಿಗೆ ಸಾಮಾನ್ಯ ಕಾಯಿಲೆ ಬಂದರೆ ರಾಕ್ಷಸನಿಗೆ ನೆಗಡಿಯಾಗುತ್ತದೆಯೇ, ಸಿಗ್ನಲ್ ಏಳು ಸಮುದ್ರ ದಾಟಲು ಎಷ್ಟು ಹೊತ್ತು ಬೇಕು ಎಂದು ಕೇಳಿದ್ದರೆ ಅಜ್ಜಿ ಬೆನ್ನಿಗೊಂದು ಕೊಟ್ಟು ಮಲಗಿಸುತ್ತಿದ್ದರು. ಸ್ಯಾಂಡರ್ಸನ್ ಅವರಿಗೆ ಆ ಸೌಲಭ್ಯ ಇಲ್ಲ. ಓದುಗರು ದೂರದಲ್ಲಿದ್ದಾರೆ, ದುಡ್ಡೂ ಕೊಟ್ಟಿದ್ದಾರೆ.

ಇನ್ನು ಸಂಖ್ಯಾಶಾಸ್ತ್ರ. ಮುಂದಿನ ನಾಲ್ಕು ಸಾಲಿನಲ್ಲಿ ಗುಟ್ಟು ರಟ್ಟಾಗುತ್ತದೆ, ಓದದವರು ಹಾರಿಕೊಂಡು ಹೋಗಿ. ಈ ಲೋಕದಲ್ಲಿ 16 ಅಂದರೆ ಪವಿತ್ರ. ಆದಿಯಲ್ಲಿದ್ದ ದೈವಶಕ್ತಿ ಒಡೆದು 16 ಚೂರಾಯಿತು. ಅಲೋಮ್ಯಾನ್ಸಿಯ ಲೋಹಗಳು 16. 2008ರ ಪುಸ್ತಕದಲ್ಲಿ ಮಂಜು ತಗುಲಿದವರ ಪೈಕಿ ಶೇಕಡಾ 16ರಷ್ಟು ಜನ ಕಾಯಿಲೆ ಬೀಳುತ್ತಾರೆ, ಅದು ದೇವರೇ ಬಿಟ್ಟುಹೋದ ಸುಳಿವು ಅಂತ ಆಮೇಲೆ ಗೊತ್ತಾಗುತ್ತದೆ. ಲೇಖಕರು ಹೀಗೊಮ್ಮೆ ಬಾಗಿಲು ತೆರೆದ ಮೇಲೆ ಮುಚ್ಚುವವರು ಯಾರು? ಎಲ್ಲಿ 16 ಕಂಡರೂ ಅದು ಸುಳಿವು. ಇನ್ನೊಂದು ಗ್ರಹದ ಕಥೆಯಲ್ಲಿ ಎಲ್ಲವೂ 10: ಯೋಧರ ಪಂಗಡ 10, ಅವರ ಶಕ್ತಿಗಳು 10. ಬೇರೆಯವರಾದರೆ ಇಲ್ಲಿ ಲೆಕ್ಕ ತಪ್ಪಿತು ಎನ್ನುತ್ತಿದ್ದರು. ಇವರು ಉಳಿದ 6 ಎಲ್ಲಿ ಅವಿತಿವೆ ಎಂದು ಹುಡುಕಲು ಹೊರಡುತ್ತಾರೆ. ಇವರ ಮಟ್ಟಿಗೆ ಹದಿನಾರಾಣೆ ಸತ್ಯ ಅನ್ನುವುದು ಬರೀ ಮಾತಲ್ಲ, ಪ್ರಮೇಯ.

ಪುಸ್ತಕ ಬರೀ ಶ್ರುತಿ. ಅದರ ಮೇಲೆ ಸ್ಮೃತಿಯೂ ಇದೆ. ಹಸ್ತಾಕ್ಷರಕ್ಕೆ ಸಾಲು ನಿಂತಾಗ, ಸಭೆಯಲ್ಲಿ ಮೈಕು ಸಿಕ್ಕಾಗ ಅಭಿಮಾನಿಗಳು ಲೇಖಕರನ್ನು ಪ್ರಶ್ನೆ ಕೇಳುತ್ತಾರೆ, ಉತ್ತರವನ್ನು ರೆಕಾರ್ಡ್ ಮಾಡುತ್ತಾರೆ, ಅಕ್ಷರಕ್ಕಿಳಿಸಿ ದಿನಾಂಕ ಹಾಕಿ ಜೋಡಿಸಿಡುತ್ತಾರೆ. ಇವಕ್ಕೆ ‘ವರ್ಡ್ಸ್ ಆಫ್ ಬ್ರ್ಯಾಂಡನ್’ ಎಂದು ಹೆಸರು. ಪ್ರಶ್ನೆಗಳೋ, ಪಾಟೀಸವಾಲಿಗೆ ನಿಂತ ವಕೀಲರಿಗೂ ಬೆವರು ಬರಬೇಕು. “ಇಂಥವನಿಗೆ ಇಂಥ ಶಕ್ತಿ ಇದೆಯೇ?” ಅಂತ ನೇರ ಕೇಳುವುದಿಲ್ಲ. “ನಾವು ಈವರೆಗೆ ಪುಟದ ಮೇಲೆ ಕಂಡಿರುವ, ಆದರೆ ಹೆಸರು ಹೇಳದ ಯಾರಾದರೂ, ತಮಗೇ ತಿಳಿಯದಂತೆ...” ಅಂತ ಸುತ್ತಿ ಬರುತ್ತಾರೆ. ಲೇಖಕರು ನಕ್ಕರೆ ನಕ್ಕರು ಎಂದು ಬರೆದುಕೊಳ್ಳುತ್ತಾರೆ. ಇಲ್ಲ ಅಂದರೆ, ಇಲ್ಲ ಅನ್ನುವ ಮೊದಲು ಮೂರು ಸೆಕೆಂಡ್ ತಡೆದರಲ್ಲ, ಅದರ ಮೇಲೊಂದು ಥಿಯರಿ. ಸಾಕಾದಾಗ ಅವರು ‘ರಾಫೋ’ ಎಂದು ಅಚ್ಚಾಗಿರುವ ಚೀಟಿ ಕೊಟ್ಟು ಕಳಿಸುತ್ತಾರೆ. ‘ರೀಡ್ ಆ್ಯಂಡ್ ಫೈಂಡ್ ಔಟ್’ ಎಂಬುದರ ಚುಟುಕು; ಓದಿ, ತಿಳಿಯುತ್ತದೆ ಎಂದರ್ಥ. ಅಂದರೆ ಲೇಖಕನೊಬ್ಬ ತನ್ನ ಓದುಗರಿಗೆ, ದಯವಿಟ್ಟು ಪುಸ್ತಕ ಓದಿ ಎಂದು ಚೀಟಿ ಅಚ್ಚು ಹಾಕಿಸಿ ಹಂಚಬೇಕಾಗಿ ಬಂದಿದೆ. ಆ ಚೀಟಿಯನ್ನೂ ಜನ ಜೋಪಾನವಾಗಿ ತೆಗೆದಿಟ್ಟುಕೊಳ್ಳುತ್ತಾರೆ.

ರಾಫೋ ಎಂಬ ಬ್ರಹ್ಮಾಸ್ತ್ರವನ್ನು ಸ್ಯಾಂಡರ್ಸನ್ ಪಡೆದದ್ದು ರಾಬರ್ಟ್ ಜೋರ್ಡನ್ ಅವರಿಂದ. ‘ವೀಲ್ ಆಫ್ ಟೈಮ್’ ಬರೆದವರು. ಅವರ ಕಥೆ ಕೇಳಿದರೆ ಅಯ್ಯೋ ಅನಿಸುತ್ತದೆ. 1993ರಲ್ಲಿ ಬಂದ ಐದನೇ ಸಂಪುಟದ ಕೊನೆಯಲ್ಲಿ ಅಸ್ಮೋಡಿಯನ್ ಎಂಬ ಖಳ ಒಂದು ಬಾಗಿಲು ತೆರೆಯುತ್ತಾನೆ, ಒಳಗಿದ್ದವರನ್ನು ಕಂಡು ಗಾಬರಿಯಾಗುತ್ತಾನೆ, ಸಾಯುತ್ತಾನೆ. ಕೊಂದದ್ದು ಯಾರು ಅಂತ ಹೇಳಿಲ್ಲ. ಅದೇನು ಕಷ್ಟ, ನೋಡಿದರೇ ಗೊತ್ತಾಗುತ್ತದೆ ಎಂಬಂತೆ ಜೋರ್ಡನ್ ಮಾತಾಡಿದರು. ಅಲ್ಲಿಗೆ ಮುಗಿಯಿತು. ಯಾರಿಗೆ ಆ ಹೊತ್ತಿನಲ್ಲಿ ಅಲ್ಲಿಗೆ ಬರಲು ಸಾಧ್ಯವಿತ್ತು, ಯಾವ ಮಾಯೆಯಿಂದ ಕೊಂದರೆ ಹೆಣ ಉಳಿಯುತ್ತದೆ, ಯಾವುದರಿಂದ ಉಳಿಯುವುದಿಲ್ಲ ಎಂದು ವರ್ಷಗಟ್ಟಲೆ ತನಿಖೆ. ಆ ಲೋಕದಲ್ಲಿ ‘ಬೇಲ್‌ಫೈರ್’ ಎಂಬ ಬೆಂಕಿ ಇದೆ, ಅದು ಸತ್ತವನು ಸಾಯುವ ಸ್ವಲ್ಪ ಹೊತ್ತು ಮುಂಚೆ ಮಾಡಿದ ಕೆಲಸಗಳನ್ನೂ ಅಳಿಸಿಹಾಕುತ್ತದೆ. ಅಸ್ಮೋಡಿಯನ್ ಅದೇ ಪುಸ್ತಕದಲ್ಲಿ ಕೆಲವೇ ಪುಟ ಹಿಂದೆ ಒಮ್ಮೆ ಸತ್ತು, ಬೇಲ್‌ಫೈರ್ ದಯೆಯಿಂದ ಬದುಕಿ ಬಂದವನು. ಅಂಥವನ ಎರಡನೇ ಸಾವಿನ ಪಂಚನಾಮೆ ಎಷ್ಟು ಜಟಿಲ ಎಂದು ನೀವೇ ಊಹಿಸಿ. ಸಂಶಯ ಬೀಳದ ಪಾತ್ರವೇ ಉಳಿಯಲಿಲ್ಲ. ಕಥೆಯಲ್ಲಿ ಬೆಲಾ ಎಂಬ ಸಾಧು ಹೆಣ್ಣುಕುದುರೆಯೊಂದಿದೆ. ತಮಾಷೆಗೆ ಶುರುಮಾಡಿ ಅದನ್ನೂ ಲೋಕದ ಸೃಷ್ಟಿಕರ್ತನ ಪಟ್ಟಕ್ಕೇರಿಸಿದರು.

ಜೋರ್ಡನ್ 2007ರಲ್ಲಿ ತೀರಿಕೊಂಡರು. ಉಳಿದ ಕಥೆಯನ್ನು ಮುಗಿಸುವ ಹೊಣೆ ಸ್ಯಾಂಡರ್ಸನ್ ಅವರ ಹೆಗಲಿಗೆ ಬಿತ್ತು. 2010ರ ಸಂಪುಟದಲ್ಲಿ ಕೊನೆಗೂ ಉತ್ತರ ಬಂತು. ಎಲ್ಲಿ? ಯುದ್ಧದ ನಡುವೆ ಅಲ್ಲ, ಸಾಯುವವರ ಕೊನೇ ಮಾತಿನಲ್ಲೂ ಅಲ್ಲ. ಪುಸ್ತಕದ ಹಿಂದಿನ ಪದಕೋಶದಲ್ಲಿ, ಗ್ರೆಂಡಾಲ್ ಎಂಬ ಹೆಸರಿನ ಎದುರು, ಅಸ್ಮೋಡಿಯನ್‌ನನ್ನು ಕೊಂದವಳು ಎಂದು ಹೋಗುತ್ತಾ ಹೋಗುತ್ತಾ ಹೇಳಿಬಿಟ್ಟಿದ್ದರು. 17 ವರ್ಷದ ತನಿಖೆ ಪದಕೋಶದಲ್ಲಿ ಮುಗಿದುಹೋಯಿತು. ಓದುಗರ ಮೇಲೆ ಲೇಖಕರು ತೀರಿಸಿಕೊಂಡ ಇದಕ್ಕಿಂತ ಸೊಗಸಾದ ಸೇಡನ್ನು ನಾನು ಕಂಡಿಲ್ಲ.

ಆದರೆ ಸೇಡಿಗೆ ಬಗ್ಗುವ ಜನವೇ ಇವರು? ಅದೇ ಸರಣಿಯ ಇನ್ನೊಂದು ಪ್ರಕರಣ ನೋಡಿ. ತೈಮ್ ಎಂಬ ಪಾತ್ರ ನಿಜಕ್ಕೂ ಡೆಮಾಂಡ್ರೆಡ್ ಎಂಬ ಖಳನೇ ವೇಷ ಹಾಕಿ ಬಂದಿರುವುದು ಎಂದು 1990ರ ದಶಕದಲ್ಲಿ ಜೋರು ಥಿಯರಿ ಎದ್ದಿತು. ಜೋರ್ಡನ್, ಅಲ್ಲ ಮಾರಾಯರೇ, ಇಬ್ಬರೂ ಬೇರೆ ಎಂದುಬಿಟ್ಟರು. ಕಥೆ ಮುಗಿಯುವ ಹೊತ್ತಿಗೆ ಇಬ್ಬರೂ ಬೇರೆಯೇ ಆಗಿದ್ದರು. ಥಿಯರಿಯವರ ಪೈಕಿ ಅನೇಕರು ಕೊಟ್ಟ ತೀರ್ಪು: ನಾವು ಕಂಡುಹಿಡಿದುಬಿಟ್ಟೆವು ಅಂತ ಲೇಖಕರು ಹೆದರಿ ಕಥೆ ಬದಲಾಯಿಸಿದರು. ಅಂದರೆ ತಪ್ಪಿದ್ದು ಥಿಯರಿ ಅಲ್ಲ, ಪುಸ್ತಕ.

ಲೇಖಕರು ಮಾಯೆಗೆ ಲೆಕ್ಕವೇ ಇಲ್ಲ ಎಂದು ಕೈತೊಳೆದುಕೊಂಡರೂ ಬಿಡುಗಡೆ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ ಬರೆದ ಜಾರ್ಜ್ ಮಾರ್ಟಿನ್ ಅವರ ವೆಸ್ಟರೋಸ್ ಎಂಬ ನಾಡಿನಲ್ಲಿ ಬೇಸಿಗೆ ವರ್ಷಗಟ್ಟಲೆ ಇರುತ್ತದೆ, ಚಳಿಗಾಲವೂ ಹಾಗೇ, ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೆ ವಿಜ್ಞಾನ ಹುಡುಕಬೇಡಿ, ಅದು ಮಾಯೆ ಎಂದು ಅವರು ಹೇಳಿದ್ದಾರೆ. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು, ಆ ಗ್ರಹ ಎರಡು ನಕ್ಷತ್ರಗಳ ಸುತ್ತ ಸುತ್ತುತ್ತಿರಬಹುದು ಎಂದು ಅರ್ಧ ತಮಾಷೆಯಾಗಿ ಸಮೀಕರಣ ಸಮೇತ ಪ್ರಬಂಧವನ್ನೇ ಬರೆದರು. ಆಕಾಶದಲ್ಲಿ ಎರಡನೇ ಸೂರ್ಯ ಅಲ್ಲಿನವರಿಗೆ ಯಾಕೆ ಕಾಣಲಿಲ್ಲವೋ. ಬಹುಶಃ ಎಲ್ಲರೂ ಸಿಂಹಾಸನದ ಕಡೆ ನೋಡುತ್ತಿದ್ದರು. 2011ರ ಸಂಪುಟದ ನಂತರ ಮುಂದಿನದು ಇನ್ನೂ ಕೈಗೆ ಬಂದಿಲ್ಲವಾದ್ದರಿಂದ ಅಭಿಮಾನಿಗಳಿಗೆ ಬಿಡುವು ಬೇಕಾದಷ್ಟಿದೆ.

ಸ್ಯಾಂಡರ್ಸನ್ ಅವರ ಪಾಡಿಗೆ ಅವರೂ ಸ್ವಲ್ಪ ಕಾರಣ. ಮಾಯೆಗೆ ನಿಯಮ ಬರೆದವರು ಅವರೇ. ಓದುಗನಿಗೆ ಮಾಯೆ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಲೇಖಕ ಅದರಿಂದ ಕಥೆಯ ಕಗ್ಗಂಟು ಬಿಡಿಸಬಹುದು ಎಂಬುದು 2007ರಲ್ಲಿ ಹೇಳಿದ ಮೊದಲ ನಿಯಮ. ಶಕ್ತಿಗಿಂತ ಅದರ ಮಿತಿಯೇ ಸ್ವಾರಸ್ಯ, ಇದು ಎರಡನೆಯದು. ಹೊಸದು ಸೇರಿಸುವ ಮೊದಲು ಇದ್ದದ್ದನ್ನೇ ಬೆಳೆಸಿ, ಇದು ಮೂರನೆಯದು. ಬರೆಯುವವರಿಗೆ ಒಳ್ಳೇ ಮಾತುಗಳೇ. ಆದರೆ ಓದುವವರು ಅವನ್ನು ದಂಡಸಂಹಿತೆ ಅಂದುಕೊಂಡರು. ಆಮೇಲೆ ಅವರು ಸೊನ್ನೆಯ ನಿಯಮ ಅಂತ ಒಂದನ್ನು ಸೇರಿಸಿದರು: ಏನೇ ಆಗಲಿ, ಯಾವುದರಲ್ಲಿ ರೋಮಾಂಚನ ಜಾಸ್ತಿಯೋ ಆ ಕಡೆಗೇ ವಾಲಿ. ಮೂರು ನಿಯಮ ಮಾಡಿ, ಅವುಗಳ ತಲೆಯ ಮೇಲೆ ಮಜಾವನ್ನು ತಂದು ಕೂರಿಸಿದ್ದಾರೆ.

ನಮ್ಮ ಸಾಫ್ಟ್‌ವೇರ್ ಹುಡುಗನಿಗೆ ಇದನ್ನು ತೋರಿಸಿದೆ. ನೋಡಪ್ಪ, ನಿಯಮ ಮಾಡಿದವರೇ ಮೊದಲು ಮಜಾ, ಆಮೇಲೆ ಲೆಕ್ಕ ಎಂದಿದ್ದಾರೆ. ಇನ್ನಾದರೂ ಆ ಎಕ್ಸ್‌ರೇ ವಿಷಯ ಬಿಟ್ಟು ನೆಮ್ಮದಿಯಾಗಿ ಓದು ಎಂದೆ. ಅವನು ಬಹಳ ಹೊತ್ತು ಯೋಚಿಸಿದ.

“ಸಾರ್, ಸೊನ್ನೆ, ಒಂದು, ಎರಡು, ಮೂರು. ಒಟ್ಟು ನಾಲ್ಕು ನಿಯಮ ಆಯ್ತಲ್ವಾ?”

“ಆಯ್ತು.”

“ನಾಲ್ಕು ನಾಲ್ಕಲೆ?”