ಸ್ಲೀಪ್ ಮೋಡ್ ರಾತ್ರಿಗೆ ಮಾತ್ರ ಅಂತ ಯಾರ್ ಹೇಳಿದ್ದು?

ಹೋದ ವರ್ಷ ಬರ್ತ್‌ಡೇಗೆ ತಮ್ಮ ಒಂದು ಸ್ಮಾರ್ಟ್‌ವಾಚ್ ಕೊಡ್ಸಿದ. ಮೊದಲ ದಿನಾನೇ ಅದು ಕೇಳಿದ್ದು, ಎಷ್ಟೊತ್ತಿಗೆ ಮಲಗ್ತೀಯ ಎಷ್ಟೊತ್ತಿಗೆ ಏಳ್ತೀಯ ಅಂತ. ಅಯ್ಯೋ ನನಗೇ ಗೊತ್ತಿಲ್ಲ ಕಣಪ್ಪ! ಮಂಡ್ಯದಿಂದ ಬೆಂಗಳೂರಿಗೆ ದಿನಾ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡೋ ಪಾಸ್ ಗಿರಾಕಿ ನಾನು, ರಾತ್ರಿ ಮಲಗೋದು ಹನ್ನೊಂದೂವರೆ ಆದ್ರೂ ಬೆಳಗ್ಗೆ ಐದಕ್ಕೆ ಏಳ್ಲೇಬೇಕು, ಬಾಕಿ ನಿದ್ದೆ ಏನಿದ್ರೂ ರೈಲಲ್ಲಿ, ಸೀಟ್ ಸಿಕ್ಕಿದ್ರೆ.

ಅದಕ್ಕೆ ಆ ಶೆಡ್ಯೂಲ್ ಪೂರ್ತಿ ಆಫ್ ಮಾಡಿ ಬಿಸಾಕ್ದೆ. ಈಗ ಮದ್ದೂರಲ್ಲಿ ವಡೆಯವ್ರ ಗಲಾಟೆ ಮುಗಿದು ಚನ್ನಪಟ್ಟಣ ದಾಟಿದ ತಕ್ಷಣ ಕೈಯಾರೆ ಸ್ಲೀಪ್ ಮೋಡ್ ಒತ್ತಿ, 25 ನಿಮಿಷಕ್ಕೆ ಟೈಮರ್ ಇಟ್ಟು ಕಣ್ಮುಚ್ಚೋದು. ಸ್ಕ್ರೀನ್ ಕಪ್ಪಗಾಗುತ್ತೆ, ಕೈ ಎತ್ತಿದ್ರೂ ಲೈಟ್ ಬರಲ್ಲ, ಆಫೀಸ್ ಗ್ರೂಪಿನ ಗುಡ್ ಮಾರ್ನಿಂಗ್ ಹೂವುಗಳು ಮಣಿಕಟ್ಟಿಗೆ ಗುದ್ದಲ್ಲ. ಬಿಡದಿ ಹತ್ರ ಕೈ ಮಾತ್ರ ಜುಯ್ ಅನ್ನುತ್ತೆ, ಪಕ್ಕದವ್ರಿಗೂ ತೊಂದ್ರೆ ಇಲ್ಲ. ನಾಸಾದವ್ರು ಹಿಂದೆ ದೂರದ ವಿಮಾನಗಳ ಪೈಲಟ್‌ಗಳಿಗೆ ಮಧ್ಯದಲ್ಲಿ 40 ನಿಮಿಷ ಬಿಡುವು ಕೊಟ್ಟು ನೋಡಿದ್ರು, ಅವ್ರು ಮಲಗಿದ್ದು ಸರಾಸರಿ 26 ನಿಮಿಷ, ಅಷ್ಟಕ್ಕೇ ಎಚ್ಚರ ಚುರುಕು ಎರಡೂ ಜಾಸ್ತಿ ಆಗಿತ್ತು. ನಂಗೂ ಅಷ್ಟೇ, ಅದಕ್ಕಿಂತ ಜಾಸ್ತಿ ಮಲಗಿದ್ರೆ ಇಡೀ ಬೆಳಗ್ಗೆ ತಲೆ ಭಾರ.

ಆದ್ರೆ ನಿದ್ದೆಗೆ ವಾಚ್ ಕೊಡೋ ಸ್ಕೋರ್ ನೋಡೋಕೆ ಹೋಗ್ಬೇಡಿ. ಈ ವಾಚ್‌ಗಳು ನೋಡೋದು ಕೈ ಅಲುಗಾಟ, ಹಸಿರು ಲೈಟ್ ಬಿಟ್ಟು ಹಿಡಿಯೋ ಹೃದಯ ಬಡಿತ, ಅದ್ರ ಮೇಲೆ ಒಂದು ಅಂದಾಜು, ಅಷ್ಟೆ. ಫಿಟ್‌ಬಿಟ್‌ನಂಥದ್ರಲ್ಲೂ 3 ಗಂಟೆಗಿಂತ ಕಮ್ಮಿ ನಿದ್ದೆಗೆ ಆಳದ ನಿದ್ದೆ, ಕನಸಿನ ನಿದ್ದೆ ಅಂತ ವಿಂಗಡಿಸಿ ತೋರ್ಸಲ್ಲ. ನನ್ನ ವಾಚಂತೂ, ರೈಲಲ್ಲಿ ಬಾಯಿ ತಕ್ಕೊಂಡು ಮಲಗಿದ್ದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ಭಾನುವಾರ ಸೋಫಾ ಮೇಲೆ ಬಿದ್ಕೊಂಡು ಕ್ರಿಕೆಟ್ ನೋಡಿದ್ದನ್ನ ಒಂದೂವರೆ ಗಂಟೆ ನಿದ್ದೆ ಅಂತ ಬರ್ಕೊಂಡಿತ್ತು😀

ನನ್ ಪ್ರಕಾರ ಈ ಮೋಡ್ ಇರೋದು ನಿದ್ದೆ ಅಳೆಯೋಕಲ್ಲ. ನಮ್ ತಾತ ಮಧ್ಯಾಹ್ನ ಮುದ್ದೆ ಉಂಡು ಜಗಲಿ ಮೇಲೆ ಟವೆಲ್ ಮುಖಕ್ಕೆ ಹಾಕೊಂಡ್ರೆ ಮುಗೀತು, ಯಾರೇ ಬರ್ಲಿ ಅಜ್ಜಿ 'ಮನೀಕಂಡವ್ರೆ, ಆಮ್ಯಾಕ್ ಬನ್ನಿ' ಅಂತ ಕಳ್ಸೋರು. ತಾತ ಒಳಗೆ ನಿದ್ದೆ ಮಾಡ್ತಿದ್ರೋ ಎಚ್ಚರ ಇದ್ರೋ ಯಾರೂ ಚೆಕ್ ಮಾಡ್ತಿರ್ಲಿಲ್ಲ. ಆಯುರ್ವೇದದವ್ರು ಹಗಲು ನಿದ್ದೆ ಬೇಸಿಗೇಲಿ ಮಾತ್ರ ಸರಿ ಅಂತಾರೆ, ತಾತ ಹನ್ನೆರಡು ತಿಂಗಳೂ ಬೇಸಿಗೆ ಮಾಡ್ಕೊಂಡಿದ್ರು ಬಿಡಿ. ನಂಗೆ ಆ ಟವೆಲ್ ಬೇಕಿತ್ತು, ವಾಚಲ್ಲಿ ಸಿಕ್ತು.

ಒಂದೇ ಎಡವಟ್ಟು, ಎದ್ದ ಮೇಲೆ ಆಫ್ ಮಾಡೋದು ಮರ್ತೋಗೋದು. ಒಂದಿನ ಹಂಗೇ ಆಗಿ ಸಂಜೆವರೆಗೂ ವಾಚು ಫೋನು ಎರಡೂ ಗಪ್‌ಚುಪ್, ಮನೆಯಿಂದ ಗ್ಯಾಸ್ ಸಿಲಿಂಡರ್ ವಿಷ್ಯಕ್ಕೆ ಬಂದ ನಾಲ್ಕು ಕಾಲೂ ಮಿಸ್, 'ರೀ, ಫೋನ್ ಎತ್ತೋಕೆ ಏನ್ ರೋಗ ನಿಮ್ಗೆ' ಅಂತ ಪೂಜೆ ಆಯ್ತು. ಆಮೇಲೆ ಸ್ಲೀಪ್ ಮೋಡಲ್ಲೂ ಕಾಲ್ ಬರ್ಲಿ ಅಂತ ಫೋನಲ್ಲಿ ಹೆಂಡ್ತಿ ನಂಬರ್ ಸ್ಟಾರ್ ಮಾಡಿಟ್ಟೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಅದೇ ನಂಬರಿಂದ ಎರಡನೇ ಸಲ ಬಂದ ಕಾಲನ್ನ ಒಳಗೆ ಬಿಡೋ ಸೆಟ್ಟಿಂಗೂ ಇದೆ, ಅದನ್ನೂ ಆನ್ ಮಾಡ್ಕೊಳಿ.

ಇನ್ನು ನಮ್ ಬೋಗೀಲಿ ಒಬ್ರು ಹಳೇ ಪಾಸಿನವ್ರಿದಾರೆ, ಕೈಲಿ ಯಾವ ವಾಚೂ ಇಲ್ಲ, ಗೊರಕೆ ಹೊಡೀತಾ ಇದ್ದೋರು ಕೆಂಗೇರಿ ಇನ್ನೇನು ಬಂತು ಅನ್ನೋವಾಗ ತಾವಾಗೇ ಎದ್ದು ಕಾಲಲ್ಲೇ ಚಪ್ಪಲಿ ಹುಡುಕ್ತಾರೆ. ನಿನ್ನೆ ತಡೀಲಾರ್ದೆ ಕೇಳ್ದೆ, ಹೆಂಗೆ ಸಾರ್ ಅಂತ.

'ಬ್ರೇಕ್ ಹಾಕ್ದಾಗ ತಲೆ ಕಿಟಕಿಗೆ ಹೊಡೀತದಲ್ಲಪ್ಪ' ಅಂದ್ರು.