ಮಂಡಿನೋವಿಗೆ ಕೆರಿಬಿಯನ್ ಗಾಳಿ

ಮಿಶಿಗನ್‌ನಲ್ಲಿ ಫ್ಯಾಮಿಲಿ ಡಾಕ್ಟರಾಗಿರುವ ನಮ್ಮ ದೊಡ್ಡಪ್ಪನ ಮಗ ಮೊನ್ನೆ ವಾಟ್ಸಾಪಿನಲ್ಲಿ ಒಂದು ಜಾಹೀರಾತು ಕಳಿಸಿದ. ನೀಲಿ ಸಮುದ್ರ, ಅಪಾರ್ಟ್‌ಮೆಂಟ್ ಗಾತ್ರದ ಬಿಳಿ ಹಡಗು, ಮೂಲೆಯಲ್ಲಿ ಕೆಂಪಗೆ ಹೊಳೆಯುವ ಒಂದು ಮಂಡಿಚಿಪ್ಪು. ಏಳು ರಾತ್ರಿ, ಕೆರಿಬಿಯನ್, ಪ್ರಾಥಮಿಕ ಆರೈಕೆಯ ವೈದ್ಯರಿಗೆ ರುಮಟಾಲಜಿ. ಅಂದರೆ ಕೀಲುವಾತದ ಪಾಠವನ್ನು ಹಡಗಿನಲ್ಲಿ ಕೂತು ಕೇಳುವುದು. ಕೆಳಗೆ ಅಣ್ಣನದೊಂದು ಸಾಲು: "ನಿಮ್ಮತ್ತಿಗೆಗೂ ತುಂಬಾ ಇಷ್ಟವಾಗಿದೆ ಕಣೋ." ಅತ್ತಿಗೆ ಸಾಫ್ಟ್‌ವೇರಿನವರು. ಕೀಲುವಾತದ ಮೇಲೆ ಅವರಿಗೆ ಯಾವಾಗ ಇಷ್ಟ ಹುಟ್ಟಿತು ಅಂತ ನಾನು ಕೇಳಲಿಲ್ಲ.

ನಮ್ಮ ಹಿರಿಯರು ದೇಶ ಸುತ್ತು, ಇಲ್ಲಾ ಕೋಶ ಓದು ಅಂದಿದ್ದರು. ಆ "ಇಲ್ಲಾ" ಅನ್ನುವುದು ಅವರ ಬಡತನ. ಎರಡನ್ನೂ ಒಂದೇ ಟಿಕೆಟ್‌ನಲ್ಲಿ, ಊಟ ತಿಂಡಿ ಸಮೇತ ಮುಗಿಸಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ. ಪಾಪ, ಅವರ ಹತ್ತಿರ ಹಡಗಿರಲಿಲ್ಲ.

ಈ ಹಡಗುಪಾಠ ಅಮೆರಿಕದಲ್ಲಿ ಹೊಸದೇನಲ್ಲ. ಡಾಕ್ಟರ ಲೈಸೆನ್ಸ್ ನವೀಕರಿಸಬೇಕಾದರೆ ಮಿಶಿಗನ್‌ನಲ್ಲಿ 3 ವರ್ಷಕ್ಕೆ 150 ಗಂಟೆ ಕಲಿತಿದ್ದೇನೆ ಅಂತ ತೋರಿಸಬೇಕು. ಅದರಲ್ಲಿ ಅರ್ಧ, ಅಂದರೆ 75 ಗಂಟೆ, ಮೊದಲ ದರ್ಜೆಯ ಕ್ರೆಡಿಟ್, ಅಂದರೆ ಮಾನ್ಯತೆ ಪಡೆದ ಸಂಸ್ಥೆಯ ಪಾಠ ಕೇಳಿದ್ದಕ್ಕೆ ಸಿಗುವ ಅಂಕ, ಆಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 50 ಗಂಟೆ. ನಮ್ಮಲ್ಲಿ 5 ವರ್ಷಕ್ಕೆ 30 ಗಂಟೆ. ನಮ್ಮವರು ಹುಟ್ಟಾ ಜಾಣರು. ನಿಯಮ ಒಳ್ಳೆಯದೇ. ಇಪ್ಪತ್ತು ವರ್ಷದ ಹಿಂದಿನ ಪಾಠ ಇಟ್ಟುಕೊಂಡು ಯಾರೂ ನನ್ನ ಮಂಡಿ ಮುಟ್ಟಬಾರದು. ಆದರೆ ನಿಯಮದಲ್ಲಿ ಎಷ್ಟು ಗಂಟೆ ಅಂತ ಮಾತ್ರ ಇದೆ. ಆ ಗಂಟೆ ನೆಲದ ಮೇಲೆ ಹೊಡೀಬೇಕೋ ನೀರಿನ ಮೇಲೆ ಹೊಡೀಬೇಕೋ ಅಂತ ಇಲ್ಲ.

ವೇಳಾಪಟ್ಟಿ ನೋಡಿದೆ. ಬಹಳ ಶಿಸ್ತು. ಹಡಗು ನಡುಸಮುದ್ರದಲ್ಲಿರುವ ದಿನ ಪಾಠ. ದಡ ಮುಟ್ಟಿದ ದಿನ ಪಾಠವಿಲ್ಲ. ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಲಂಗರು ಹಾಕಿದರೆ ರುಮಟಾಲಜಿಗೆ ಭಾನುವಾರ. ಕೀಲಿನ ವಿದ್ಯೆಗೆ ಹಡಗೇ ಯಾಕೆ ಅಂತ ಮೊದಲು ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯ್ತು, ಹಡಗಿನ ತಳದ ಬೆನ್ನೆಲುಬಿಗೆ ಇಂಗ್ಲಿಷಿನಲ್ಲಿ ಕೀಲ್ ಅಂತಲೇ ಹೆಸರು. ಇದಕ್ಕಿಂತ ಒಳ್ಳೆಯ ಕಾರಣ ಜಾಹೀರಾತಿನವರೂ ಕೊಟ್ಟಿಲ್ಲ.

ಪಾಠಗಳಲ್ಲಿ ಒಂದು ಗೌಟ್ ಬಗ್ಗೆ. ರಕ್ತದಲ್ಲಿ ಯೂರಿಕ್ ಆ್ಯಸಿಡ್ ಜಾಸ್ತಿಯಾಗಿ, ಹರಳುಗಟ್ಟಿ ಕೀಲಿನೊಳಗೆ ಕೂರುತ್ತದೆ. ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಲ್ಲೇ ಶುರು. ನಡುರಾತ್ರಿ ಬಂದರೆ ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ಹಿಂದೆ ಇದನ್ನು ರಾಜರ ಕಾಯಿಲೆ ಅನ್ನುತ್ತಿದ್ದರು, ಯಾಕೆಂದರೆ ತಿಂದು ಕುಡಿದು ಕೂರುವ ಸೌಲಭ್ಯ ಅವರಿಗೇ ಇತ್ತು. ಬಿಯರ್ ಬಿಡಿ, ಕೆಂಪು ಮಾಂಸ ಕಡಿಮೆ ಮಾಡಿ, ಸಿಗಡಿ ಏಡಿಗಳಿಂದ ದೂರವಿರಿ ಅಂತ ಡಾಕ್ಟರು ಹೇಳುತ್ತಾರೆ. ಹಡಗಿನ ಬಫೆಯಲ್ಲಿ ಈ ಮೂರೂ ಸಾಲಾಗಿ ಇರುತ್ತವೆ. ಬೆಳಿಗ್ಗೆ ಸ್ಲೈಡಿನಲ್ಲಿ ಬೇಡ ಅಂದದ್ದು ಮಧ್ಯಾಹ್ನ ತಟ್ಟೆಯಲ್ಲಿ. ಇದಕ್ಕೇ ಪ್ರಾಕ್ಟಿಕಲ್ ಅನ್ನುವುದು.

ಇನ್ನೊಂದು ಅನುಕೂಲವಿದೆ. ಹಡಗು ಓಲಾಡಿದರೆ ವಾಂತಿ ಬಾರದಿರಲಿ ಅಂತ ಕಿವಿಯ ಹಿಂದೆ ಸ್ಕೊಪೊಲಮಿನ್ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಅದಕ್ಕೆ ತೂಕಡಿಕೆ ಬರುತ್ತದೆ. ಹಾಗಾಗಿ ಪಾಠದ ನಡುವೆ ಗೊರಕೆ ಕೇಳಿದರೆ ಭಾಷಣಕಾರರು ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಅದು ಔಷಧದ ಅಡ್ಡಪರಿಣಾಮ.

ನನಗೆ ನಿಜಕ್ಕೂ ನಗು ಬಂದದ್ದು ಬೇರೆ ಕಡೆ. ಇಂಥ ಹಡಗು ಹತ್ತುವವರಲ್ಲಿ ನಿವೃತ್ತರು ಬಹಳ. ಮೇಲೆ ಈಜುಕೊಳದ ಪಕ್ಕ ಕೋಲು ಊರಿಕೊಂಡು, ಮಂಡಿ ನೀವಿಕೊಂಡು, ಸೊಟ್ಟ ಬೆರಳಲ್ಲಿ ಜ್ಯೂಸ್ ಲೋಟ ಹಿಡಿದು ಕೂತವರೇ ಎಲ್ಲ. ಒಂದು ಇಡೀ ವಾರ್ಡು ಅಲ್ಲಿ ಬಿಸಿಲು ಕಾಯಿಸುತ್ತಿರುತ್ತದೆ. ಡಾಕ್ಟರುಗಳು ಕೆಳಗಿನ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಹಾಲ್‌ನಲ್ಲಿ, ಪರದೆ ಮೇಲೆ ಮಂಡಿಯ ಫೋಟೊ ನೋಡುತ್ತಿರುತ್ತಾರೆ.

ಇನ್ನು ತೆರಿಗೆಯ ಕಥೆ. ಇದನ್ನು ಹೇಳದೆ ನನಗೆ ಊಟ ಸೇರುವುದಿಲ್ಲ. ಹಡಗಿನ ಮೇಲೆ ನಡೆಯುವ ಸಮ್ಮೇಳನಗಳ ಮೇಲೆ ಅಮೆರಿಕದ ತೆರಿಗೆ ಕಾನೂನಿಗೆ ಒಂದು ಕಣ್ಣು. ವೃತ್ತಿಯ ಖರ್ಚು ಅಂತ ವರ್ಷಕ್ಕೆ 2,000 ಡಾಲರ್ ವರೆಗೆ ತೋರಿಸಬಹುದು, ಆದರೆ ಹಡಗು ಅಮೆರಿಕದಲ್ಲೇ ನೋಂದಣಿಯಾಗಿರಬೇಕು, ನಿಲ್ಲುವ ಬಂದರುಗಳೆಲ್ಲ ಅಮೆರಿಕದ್ದೋ ಅದರ ಅಧೀನದ ಜಾಗಗಳದ್ದೋ ಆಗಿರಬೇಕು. ಮಜಾ ಏನೆಂದರೆ ಮಿಯಾಮಿಯಿಂದ ಹೊರಡುವ ದೊಡ್ಡ ಹಡಗುಗಳ ಹಿಂಭಾಗ ನೋಡಿದರೆ ನಸ್ಸೌ ಅಂತಲೋ ಪನಾಮ ಅಂತಲೋ ಬರೆದಿರುತ್ತದೆ. ಬಹಾಮಾಸ್, ಪನಾಮ, ಬರ್ಮುಡಾ, ಮಾಲ್ಟಾ, ಇವೇ ಅವುಗಳ ಮನೆ ವಿಳಾಸ. ನಮ್ಮಲ್ಲಿ ಬೆಂಗಳೂರಲ್ಲಿ ಓಡುವ ಕಾರಿಗೆ ಪುದುಚೇರಿ ನಂಬರ್ ಪ್ಲೇಟ್ ಇರುವುದಿಲ್ಲವೇ, ಹಾಗೆ. ಅಮೆರಿಕದ ಬಾವುಟ ಹೊತ್ತ ದೊಡ್ಡ ಪ್ರವಾಸಿ ಹಡಗು ಅಂತ ಇರುವುದು ಪ್ರೈಡ್ ಆಫ್ ಅಮೆರಿಕ ಒಂದೇ. ಅದು ಹವಾಯಿಯ ದ್ವೀಪಗಳ ನಡುವೆ ಸುತ್ತುತ್ತದೆ. ಹೊನೊಲುಲುವಿನಿಂದ ಹೊರಟು ದಿನಾ ಒಂದು ಬಂದರಿನಲ್ಲಿರುತ್ತದೆ. ನಡುಸಮುದ್ರದ ದಿನವೇ ಇಲ್ಲ. ನಡುಸಮುದ್ರದ ದಿನ ಇಲ್ಲದಿದ್ದರೆ ಪಾಠವೂ ಇಲ್ಲ. ಅಂದರೆ ಪಾಠ ಇರುವ ಹಡಗಿಗೆ ತೆರಿಗೆ ವಿನಾಯಿತಿ ಇಲ್ಲ, ವಿನಾಯಿತಿ ಇರುವ ಹಡಗಿನಲ್ಲಿ ಪಾಠಕ್ಕೆ ಪುರುಸೊತ್ತಿಲ್ಲ. ಈ ಕಾನೂನು ಬರೆದವರಿಗೆ ಒಂದು ಮೈಸೂರು ಪೇಟ ತೊಡಿಸಬೇಕು.

ಅಷ್ಟಕ್ಕೇ ಬಿಟ್ಟಿಲ್ಲ. ವಿನಾಯಿತಿ ಕೇಳುವವರು ರಿಟರ್ನ್ ಜೊತೆ ಎರಡು ಪತ್ರ ಲಗತ್ತಿಸಬೇಕು. ಪ್ರವಾಸ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಪಾಠ ಕೇಳಿದೆ ಅಂತ ತಾವೇ ಸಹಿ ಹಾಕಿ ಕೊಡುವುದು ಒಂದು. ಹೌದು, ಇವರು ಇಷ್ಟು ಗಂಟೆ ಕೂತಿದ್ದರು ಅಂತ ನಡೆಸುವ ಸಂಸ್ಥೆಯ ಅಧಿಕಾರಿ ಸಹಿ ಹಾಕಿ ಕೊಡುವುದು ಇನ್ನೊಂದು. ಐವತ್ತು ದಾಟಿದ, ತಲೆ ನರೆತ ಡಾಕ್ಟರುಗಳಿಗೆ ಹಾಜರಿ ಪುಸ್ತಕ! ನಮ್ಮ ಕಾಲೇಜಿನಲ್ಲಿ ಒಬ್ಬನೇ ಮೂರು ದನಿಯಲ್ಲಿ "ಎಸ್ ಸಾರ್" ಅನ್ನುತ್ತಿದ್ದ. ಅವನು ಈಗ ಬ್ಯಾಂಕ್ ಮ್ಯಾನೇಜರು. ಹಡಗಿಗೆ ಕಳಿಸಿದ್ದರೆ ಎಷ್ಟು ಜನಕ್ಕೆ ಉಪಕಾರವಾಗುತ್ತಿತ್ತೋ.

ನಮ್ಮ ದೇಶದಲ್ಲಿ ಇಷ್ಟು ಲೆಕ್ಕಾಚಾರವಿಲ್ಲ. ಅಮೆರಿಕದಲ್ಲಿ ಡಾಕ್ಟರು ಸ್ವಂತ ಜೇಬಿನಿಂದಲೋ, ಕೆಲಸ ಕೊಟ್ಟ ಆಸ್ಪತ್ರೆಯ ಕಲಿಕಾ ಭತ್ಯೆಯಿಂದಲೋ ಹೋಗುತ್ತಾರೆ. ಇಲ್ಲಿ ಜೇಬು ಔಷಧ ಕಂಪನಿಯದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಸಂಹಿತೆ ತಂದು, ಕಂಪನಿಗಳು ವಿದೇಶದಲ್ಲಿ ಇಂಥ ಪಾಠ ನಡೆಸುವಂತಿಲ್ಲ ಅಂದಿತು. ಅದೇ ವರ್ಷ ಮೂವತ್ತು ಡಾಕ್ಟರುಗಳು ಕಂಪನಿ ಖರ್ಚಿನಲ್ಲಿ ಪ್ಯಾರಿಸ್, ಮೊನಾಕೊ ನೋಡಿ ಬಂದ ಸುದ್ದಿ ನೀವೂ ಓದಿದ್ದೀರಿ. ವಿಷಯ, ಮುಪ್ಪು ತಡೆಯುವುದು. ಪ್ಯಾರಿಸ್ ನೋಡಿದರೆ ಯಾರಿಗೆ ಮುಪ್ಪು ಬರುತ್ತೆ ಹೇಳಿ. ಕಂಪನಿಗೆ ಛೀಮಾರಿ ಬಿತ್ತು, ಅಲ್ಲಿಗೆ ಎಲ್ಲರೂ ಮರೆತರು. ಅಂದಹಾಗೆ ಮುಂಬೈಯಿಂದ ಗೋವಾಕ್ಕೆ ಹೋಗುವ ಹಡಗು ವಿದೇಶವಲ್ಲ. ಈ ಐಡಿಯಾ ನಾನು ಕೊಟ್ಟೆ ಅಂತ ಯಾರಿಗೂ ಹೇಳಬೇಡಿ.

ಇಷ್ಟು ಹೊತ್ತು ನಕ್ಕೆ. ಈಗ ನಮ್ಮ ಚಿಕ್ಕಮ್ಮನ ವಿಷಯ.

ಅರಸೀಕೆರೆ ಕಡೆಯ ಹಳ್ಳಿ. ಆಗ ಅವಳಿಗೆ 46. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಕಾಫಿ ಫಿಲ್ಟರ್ ಬಿಚ್ಚಲು ಮಗನನ್ನು ಎಬ್ಬಿಸಬೇಕು. ಒಗೆದ ಬಟ್ಟೆ ಹಿಂಡಲು ಪಕ್ಕದ ಮನೆಯವರು ಬರಬೇಕು. ಹತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ. ಡಾಕ್ಟರು "ವಯಸ್ಸಾಯ್ತಲ್ಲಮ್ಮ" ಅಂದರು. ನೋವಿನ ಮಾತ್ರೆ, ಒಂದು ಇಂಜೆಕ್ಷನ್, ಮತ್ತೆ ನೋವಿನ ಮಾತ್ರೆ. ಇನ್ನೊಬ್ಬ ಡಾಕ್ಟರು, ಮತ್ತದೇ. ಎರಡು ವರ್ಷ ಹೀಗೇ ಹೋಯಿತು. ಕೊನೆಗೆ ಕಂಡುಹಿಡಿದವಳು ಜಾತ್ರೆಯಲ್ಲಿ ಬಳೆ ತೊಡಿಸುವ ಹೆಂಗಸು. ಬಳೆ ಏರಿಸಲು ಕೈಯ ಗೆಣ್ಣುಗಳನ್ನು ಒಟ್ಟಿಗೆ ಒತ್ತಿದಳು, ಚಿಕ್ಕಮ್ಮ ಕಿರುಚಿದಳು. "ಗೆಣ್ಣೆಲ್ಲ ಊದ್ಕೊಂಡದೆ ಕಣಮ್ಮೋ, ದೊಡ್ಡಾಸ್ಪತ್ರೆಗೆ ತೋರ್ಸು" ಅಂದಳಂತೆ. ಅದು ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕೀಲುವಾತ. ಅದರ ಅನುಮಾನ ಬಂದರೆ ಡಾಕ್ಟರು ಮೊದಲು ಮಾಡಬೇಕಾದ ಪರೀಕ್ಷೆಯೂ ಅದೇ ಅಂತ ನನಗೆ ಆಮೇಲೆ ಗೊತ್ತಾಯಿತು. ಕೈ ಹಿಡಿದು ಗೆಣ್ಣುಗಳನ್ನು ಒತ್ತಿ ನೋಡಬೇಕು. ಬೆಳಗಿನ ಬಿಗಿತ ಎಷ್ಟು ಹೊತ್ತು ಅಂತ ಕೇಳಬೇಕು. ಸುಮ್ನೆ ಸವೆದ ಮಂಡಿಯ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ, ಇದು ಗಂಟೆ ದಾಟುತ್ತದೆ. ಬೇಗ ಔಷಧ ಶುರು ಮಾಡಿದರೆ ಕಾಯಿಲೆ ಮೂಳೆ ತಿನ್ನುವುದನ್ನು ತಡೆಯಬಹುದು. ತಡವಾದರೆ ತಿಂದುಹೋದ ಮೂಳೆ ಮತ್ತೆ ಬರುವುದಿಲ್ಲ. ಚಿಕ್ಕಮ್ಮನ ಬಲಗೈ ಬೆರಳುಗಳು ಈಗ ಕಿರುಬೆರಳಿನ ಕಡೆ ವಾಲಿವೆ. ಆ ಬಳೆಯವಳಿಗೆ ಯಾವ ಕ್ರೆಡಿಟ್ಟೂ ಸಿಗಲಿಲ್ಲ.

ಇದನ್ನು ಕಲಿಯಲು ಎಷ್ಟು ಹೊತ್ತು ಬೇಕು? ಒಂದು ಮಧ್ಯಾಹ್ನ ಸಾಕು. ಒಂದು ಕೋಣೆ, ಊದಿದ ಕೈಯ ನಾಲ್ಕು ಜನ, ಗೊತ್ತಿರುವ ಒಬ್ಬ ಡಾಕ್ಟರು. ಸಮುದ್ರ ಬೇಡ. ಡಾಕ್ಟರುಗಳಿಗೆ ರಜೆ ಬೇಡ ಅಂತ ನಾನೆಲ್ಲಿ ಅಂದೆ? ದಿನವಿಡೀ ಬೇರೆಯವರ ನೋವು ಕೇಳುವವರು ಅವರು, ಹದಿನೈದು ದಿನ ಹೋಗಲಿ, ತಿಂಗಳು ಹೋಗಲಿ. ಆದರೆ ರಜೆಯನ್ನು ರಜೆ ಅನ್ನಿ. ನಮ್ಮ ಚಿಕ್ಕಮ್ಮನ ಗೆಣ್ಣು ತೋರಿಸಿ ಹಡಗು ಹತ್ತಬೇಡಿ.

ಅಣ್ಣನಿಗೆ ಇಷ್ಟುದ್ದ ಬರೆಯಲಿಲ್ಲ. ಈ ಕೀಲುವಾತಕ್ಕೆ ಕೊಡುವ ಔಷಧದ ಬಗ್ಗೆ ಒಂದು ಪ್ರಶ್ನೆ ಕಳಿಸಿದೆ. "ಅಣ್ಣ, ಮೆಥೊಟ್ರೆಕ್ಸೇಟ್ ದಿನಾ ತಗೋಬೇಕಾ?"

ನಿಮಿಷದೊಳಗೆ ಉತ್ತರ ಬಂತು. "ಅಯ್ಯೋ ಬೇಡ! ವಾರಕ್ಕೆ ಒಂದೇ ಸಲ. ದಿನಾ ತಗೊಂಡ್ರೆ ಪ್ರಾಣಕ್ಕೇ ಅಪಾಯ. ಫೋಲಿಕ್ ಆ್ಯಸಿಡ್ ಜೊತೆಗಿರಲಿ, ಆಗಾಗ ರಕ್ತಪರೀಕ್ಷೆ ಮಾಡಿಸಿ. ಯಾಕೋ, ಚಿಕ್ಕಮ್ಮ ಹುಷಾರಾಗಿದ್ದಾಳಾ?"

"ಹುಷಾರಾಗಿದ್ದಾಳೆ. ನಿಂಗೆ ಇದೆಲ್ಲ ಗೊತ್ತೇ ಇದೆಯಲ್ಲ, ಮತ್ತೆ ಹಡಗು ಯಾಕೆ?"

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಫೋಟೊ ಬಂತು. ಅವನ ಮನೆ ಮುಂದೆ ಸೊಂಟದವರೆಗೆ ಹಿಮ, ಒಳಗೆಲ್ಲೋ ಒಂದು ಕಾರು.

"ಹೊರಗೆ ಮೈನಸ್ 15 ಕಣೋ."