ಪುಟ್ಟ ಮಕ್ಕಳಿಗೆ ಆಟದಲ್ಲೇ ಜರ್ಮನ್: ಬೇಕೋ, ಬೇಡವೋ?

ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಹಾಡು, ಆಟ, ಗೊಂಬೆ ಇಟ್ಟುಕೊಂಡು ಜರ್ಮನ್ ಕಲಿಸಬೇಕೇ? ಚಿಕ್ಕ ಮಕ್ಕಳಿಗೆ ಕಲಿಸುವವರೊಬ್ಬರು ಪರವಾಗಿ ಬರೆದಿದ್ದಾರೆ. ದೊಡ್ಡ ತರಗತಿಗಳಿಗೆ ಕಲಿಸುವವರೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ನಾಚಿಕೆ ಬರುವ ಮೊದಲೇ ನಾಲಿಗೆ ಹೊರಳಲಿ

ದೊಡ್ಡವರಾದ ಮೇಲೆ ಜರ್ಮನ್ ಕಲಿಯಲು ಕೂತವರು ಮೊದಲು ಸುಸ್ತಾಗುವುದು ಡೇರ್, ಡೀ, ಡಸ್ ಎನ್ನುವ ಮೂರು ಪುಟ್ಟ ಪದಗಳ ಹತ್ತಿರ. ಪ್ರತಿ ನಾಮಪದಕ್ಕೂ ಒಂದು ಲಿಂಗ ಇದೆ, ಅದಕ್ಕೆ ತಕ್ಕ ಹಾಗೆ ಪದದ ಮುಂಚೆ ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಸ್ ಹಾಕಬೇಕು. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕ. ಹುಡುಗಿ ಎನ್ನಲು ಬಳಸುವ 'ಮೇಟ್‌ಶೆನ್' ಕೂಡ ನಪುಂಸಕವೇ! ದೊಡ್ಡವರು ಯಾಕೆ ಹೀಗೆ ಅಂತ ಕೇಳುತ್ತಾರೆ. ಸರಿಯಾದ ಉತ್ತರ ಸಿಗುವುದಿಲ್ಲ, ಸಿಟ್ಟು ಬರುತ್ತದೆ. ಆರು ವರ್ಷದ ಮಗು ಆ ಪ್ರಶ್ನೆಯನ್ನೇ ಕೇಳುವುದಿಲ್ಲ.

ನಾನು ಮಾಡುವುದು ಇಷ್ಟೇ. ಕೋಣೆಯ ಮೂರು ಮೂಲೆಗಳಲ್ಲಿ ಮೂರು ಬಣ್ಣದ ಕಾಗದ ಅಂಟಿಸುತ್ತೇನೆ. ಡೇರ್‌ಗೆ ನೀಲಿ, ಡೀಗೆ ಕೆಂಪು, ಡಸ್‌ಗೆ ಹಸಿರು. ಜರ್ಮನ್ ತರಗತಿಗಳಲ್ಲಿ ಈ ಬಣ್ಣಗಳ ಬಳಕೆ ಸಾಮಾನ್ಯ. ನಾನು 'ಲಾಂಪೆ' (ದೀಪ) ಎಂದು ಕೂಗಿದರೆ ಎಲ್ಲರೂ ಕೆಂಪು ಮೂಲೆಗೆ ಓಡಬೇಕು, 'ಬೂಖ್' (ಪುಸ್ತಕ) ಎಂದರೆ ಹಸಿರಿಗೆ. ತಪ್ಪು ಮೂಲೆಗೆ ಓಡಿದವನು ಕಿಸಕ್ಕನೆ ನಕ್ಕು ಸರಿ ಮೂಲೆಗೆ ಹಾರುತ್ತಾನೆ. ಅದೇ ತಪ್ಪು ನೋಟ್‌ಬುಕ್ಕಿನಲ್ಲಿ ಆಗಿದ್ದರೆ ಕೆಂಪು ಗೆರೆ ಬೀಳುತ್ತಿತ್ತು, ಮನೆಯಲ್ಲಿ ಬೈಗುಳವೂ ಬೀಳುತ್ತಿತ್ತು.

ಭಾಷೆ ಕೂರುವುದು ಮತ್ತೆ ಮತ್ತೆ ಹೇಳುವುದರಿಂದ. ಒಂದೇ ವಾಕ್ಯವನ್ನು ಬೇಸರವಿಲ್ಲದೆ ಹೇಳಿಸಲು ಆಟಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಜರ್ಮನ್ ಮಕ್ಕಳೇ ಆಡುವ ಸೂಟ್‌ಕೇಸ್ ಆಟವನ್ನು ನೋಡಿ. ಮಕ್ಕಳು ಸುತ್ತ ಕೂರುತ್ತಾರೆ. ಮೊದಲನೆಯವಳು 'ಇಶ್ ಪಕೆ ಮೈನೆನ್ ಕೊಫರ್', ಅಂದರೆ ನಾನು ಪೆಟ್ಟಿಗೆ ತುಂಬುತ್ತಿದ್ದೇನೆ ಎಂದು ಶುರು ಮಾಡಿ ಒಂದು ಚೆಂಡು ಹಾಕುತ್ತಾಳೆ. ಪಕ್ಕದವನು ಚೆಂಡನ್ನೂ ಹೇಳಿ ದೀಪ ಸೇರಿಸುತ್ತಾನೆ. ಮೂರನೆಯವಳು ಚೆಂಡು, ದೀಪ ಎರಡನ್ನೂ ಹೇಳಿ ಪುಸ್ತಕ ಸೇರಿಸುತ್ತಾಳೆ. ಹತ್ತು ಮಕ್ಕಳಿದ್ದರೆ ಆ ಚೆಂಡು ಹತ್ತು ಬಾಯಿಗಳಲ್ಲಿ ಉರುಳುತ್ತದೆ. ಅದೂ ಹೇಗೆ? ಚೆಂಡಿಗೆ 'ಐನೆನ್ ಬಲ್', ದೀಪಕ್ಕೆ 'ಐನೆ ಲಾಂಪೆ', ಪುಸ್ತಕಕ್ಕೆ 'ಐನ್ ಬೂಖ್'. ವ್ಯಾಕರಣದವರು ಇದನ್ನು ದ್ವಿತೀಯಾ ವಿಭಕ್ತಿ ಎನ್ನುತ್ತಾರೆ. ಮಕ್ಕಳಿಗೆ ಅದು ಪೆಟ್ಟಿಗೆ ತುಂಬುವ ಆಟ, ಅಷ್ಟೇ. ಇದನ್ನೇ ಹತ್ತು ಸಲ ಬರೆದುಕೊಂಡು ಬಾ ಎಂದು ಹೇಳಿ ನೋಡಿ, ಮುಖ ಹೇಗಾಗುತ್ತದೆ ಅಂತ!

ಇನ್ನು ಉಚ್ಚಾರಣೆ. ಜರ್ಮನ್‌ನಲ್ಲಿ 'ಯು' ಅಕ್ಷರದ ಮೇಲೆ ಎರಡು ಚುಕ್ಕೆ ಇಟ್ಟರೆ ಬರುವ ಸ್ವರಕ್ಕೆ, 'ಊ' ಎನ್ನುವ ಹಾಗೆ ತುಟಿ ಗುಂಡಗೆ ಮಾಡಿ ಒಳಗಿನಿಂದ 'ಈ' ಎನ್ನಬೇಕು. ದೊಡ್ಡವರಿಗೆ ಇದನ್ನು ಹೇಳಿಕೊಟ್ಟರೆ ಅಕ್ಕಪಕ್ಕ ನೋಡುತ್ತಾರೆ. ಮಕ್ಕಳಿಗೆ ಕೈಗೊಂದು ಕನ್ನಡಿ ಕೊಟ್ಟು 'ಮೀನಿನ ಮುಖ ಮಾಡಿ' ಎಂದರೆ ಸಾಕು, ಸ್ವರ ತಾನಾಗಿ ಬರುತ್ತದೆ. ಪೀರಿಯಡ್ ಮುಗಿದರೂ ನಿಲ್ಲಿಸುವುದಿಲ್ಲ, ಅದು ಬೇರೆ ತೊಂದರೆ.

ಮಾತಾಡದ ಮಗುವಿಗೂ ಆಟದಲ್ಲಿ ಜಾಗ ಇದೆ. ಜೇಮ್ಸ್ ಆಷರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಒಂದು ವಿಧಾನ ತಂದರು. ಶಿಕ್ಷಕರು ಆಜ್ಞೆ ಕೊಡುವುದು, ಕಲಿಯುವವರು ಮೈಯಿಂದಲೇ ಉತ್ತರಿಸುವುದು. 'ಶ್ಟೇ ಔಫ್' ಎಂದರೆ ಎದ್ದು ನಿಲ್ಲು, 'ಶ್ಪ್ರಿಂಗ್' ಎಂದರೆ ಜಿಗಿ. ಬಾಯಿ ಬಿಡದೆಯೇ ಮಗು ತನಗೆ ಅರ್ಥವಾಗಿದೆ ಎಂದು ತೋರಿಸುತ್ತದೆ. ಮಾತು ತನಗೆ ಬೇಕಾದಾಗ ಬರುತ್ತದೆ. ಜರ್ಮನ್ ಭಾಷೆ, ಸಂಸ್ಕೃತಿಯ ಸಂಸ್ಥೆಯಾದ ಗೊಯ್ತೆ ಇನ್‌ಸ್ಟಿಟ್ಯೂಟ್‌ನವರು ಪುಟ್ಟ ಮಕ್ಕಳಿಗೆಂದೇ ಹಾನ್ಸ್ ಹಾಝೆ ಎಂಬ ಮೊಲದ ಕೈಗೊಂಬೆ ಮಾಡಿದ್ದಾರೆ. ಗೊಂಬೆಗೆ ಜರ್ಮನ್ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನಂಬಿಸಿದರೆ ಸಾಕು. ಮಿಸ್ ಹತ್ತಿರ ತುಟಿ ಬಿಚ್ಚದ ಮಗು ಮೊಲದ ಕಿವಿ ಹಿಡಿದು ಹೆಸರು ಕೇಳುತ್ತದೆ.

ನಾಲ್ಕನೇ ತರಗತಿ ಮುಗಿಯುವಷ್ಟರಲ್ಲಿ ಮಕ್ಕಳು ಸರಾಗವಾಗಿ ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಾರಕ್ಕೆ ಎರಡು ಪೀರಿಯಡ್‌ನಲ್ಲಿ ಅದು ಆಗುವ ಕೆಲಸವಲ್ಲ. ನನಗೆ ಬೇಕಾಗಿರುವುದು ಪರಿಚಯವಿಲ್ಲದ ಭಾಷೆ ಕಿವಿಗೆ ಬಿದ್ದಾಗ ಹೆದರದ ಮಗು, ತಪ್ಪಾಡಲು ಸಂಕೋಚಪಡದ ಮಗು. ಹನ್ನೆರಡಕ್ಕೆ ನಾಚಿಕೆ ಶುರುವಾಗುತ್ತದೆ. ಆಗ ಮೀನಿನ ಮುಖ ಮಾಡು ಎಂದರೆ ಯಾರು ಮಾಡುತ್ತಾರೆ?

ವಿರೋಧ: ಹಾಡು ಬಂತು, ಭಾಷೆ ಎಲ್ಲಿ?

ಆಟದ ಮೇಲೆ ನನಗೇನೂ ಸಿಟ್ಟಿಲ್ಲ. ನನ್ನ ತರಗತಿಯಲ್ಲೂ ಆಡಿಸುತ್ತೇನೆ. ಆಟದಲ್ಲೇ ಜರ್ಮನ್ ಕಲಿತ ಮಕ್ಕಳು ಆಮೇಲೆ ಬರುವುದು ನನ್ನ ಹತ್ತಿರ. ನಾನು ಹೇಳುವುದು ಅವರ ಬಗ್ಗೆ.

ಒಂದರಿಂದ ಇಪ್ಪತ್ತರ ತನಕ ರಾಗವಾಗಿ ಹೇಳುತ್ತಾರೆ, ಕೇಳಲು ಚೆನ್ನಾಗಿರುತ್ತದೆ. ಏಳಕ್ಕೆ ಏನನ್ನುತ್ತಾರೆ ಎಂದು ಕೇಳಿದರೆ ಕಣ್ಣು ಮೇಲೆ ಮಾಡಿ, ಬೆರಳು ಮಡಚುತ್ತಾ, 'ಐನ್ಸ್, ಟ್ಸ್ವೈ, ಡ್ರೈ' ಎಂದು ಮೊದಲಿಂದ ಹೊರಡುತ್ತಾರೆ. ಏಳು ಬಂದಾಗ ನಿಲ್ಲುತ್ತಾರೆ. 'ವೀ ಆಲ್ಟ್ ಬಿಸ್ಟ್ ಡೂ', ನಿನ್ನ ವಯಸ್ಸೆಷ್ಟು ಎಂದರೆ ಹೆಸರು ಹೇಳುತ್ತಾರೆ. ಯಾಕೆಂದರೆ ಅವರು ಕಲಿತ ಹಾಡಿನಲ್ಲಿ ಮೊದಲು ಬರುವುದು ಹೆಸರು. ಇದನ್ನು ಗಿಳಿಪಾಠ ಅನ್ನದೆ ಇನ್ನೇನು ಅನ್ನಬೇಕು?

ಮೂಲೆಗೆ ಓಡುವ ಆಟವನ್ನು ನಾನೂ ನೋಡಿದ್ದೇನೆ. ಗೊತ್ತಿರುವ ಇಬ್ಬರು ಓಡುತ್ತಾರೆ, ಉಳಿದವರು ಅವರ ಹಿಂದೆ ಓಡುತ್ತಾರೆ. ಎಲ್ಲರೂ ಸರಿ ಮೂಲೆಯಲ್ಲಿದ್ದಾರೆ, ಮಿಸ್‌ಗೂ ಖುಷಿ. ಒಬ್ಬೊಬ್ಬರನ್ನೇ ಕರೆದು ಕೇಳಿ, ಆಗ ಗೊತ್ತಾಗುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಭಾಷೆ ಕಲಿಕೆಯ ಮೊದಲ ಹಂತವಾದ ಎ1 ಮುಟ್ಟಲು 45 ನಿಮಿಷದ 80ರಿಂದ 200 ಪಾಠಗಳು ಬೇಕಾಗಬಹುದು ಎನ್ನುತ್ತದೆ ಗೊಯ್ತೆ ಇನ್‌ಸ್ಟಿಟ್ಯೂಟ್. ವಾರಕ್ಕೆ ಎರಡು ಪೀರಿಯಡ್, ವರ್ಷಕ್ಕೆ ಮೂವತ್ತು ವಾರ ಎಂದುಕೊಂಡರೂ ನಾಲ್ಕು ವರ್ಷಕ್ಕೆ 240 ಪೀರಿಯಡ್ ಆಯಿತು. ಲೆಕ್ಕದ ಪ್ರಕಾರ ಎ1 ದಾಟಿರಬೇಕಿತ್ತು, ಅಲ್ವಾ? ದಾಟಿರುವುದಿಲ್ಲ. ಅಷ್ಟೇ ಗಂಟೆಗಳನ್ನು ಹನ್ನೊಂದು ಹನ್ನೆರಡು ವರ್ಷದವರಿಗೆ ಕೊಡಿ, ಪತ್ರ ಬರೆಯುತ್ತಾರೆ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಮಾತು ಹೇಳಿಯೇ ಇಂಥ ತರಗತಿಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಆದರೆ ಸಂಶೋಧನೆ ಅಷ್ಟು ಸರಳವಾಗಿ ಮಾತಾಡುವುದಿಲ್ಲ. ಜರ್ಮನ್‌ಗೆ ತೀರಾ ಹತ್ತಿರದ ಡಚ್ ಭಾಷೆಯ ಬಗ್ಗೆ ಕ್ಯಾಥರೀನ್ ಸ್ನೋ ಮತ್ತು ಹೂಫ್‌ನಾಗಲ್-ಹ್ಯೋಲೆ 1978ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ನೆದರ್‌ಲ್ಯಾಂಡ್ಸ್‌ಗೆ ಬಂದ ಇಂಗ್ಲಿಷ್ ಮಾತಾಡುವವರಲ್ಲಿ ಜಾಸ್ತಿ ವೇಗವಾಗಿ ಕಲಿತವರು 12ರಿಂದ 15ರ ವಯಸ್ಸಿನವರು. 3ರಿಂದ 5 ವರ್ಷದ ಮಕ್ಕಳು ಹಿಂದೆ ಬಿದ್ದಿದ್ದರು. ಜ್ಯೂರಿಕ್‌ನ ಶಾಲೆಗಳಲ್ಲಿ 8ಕ್ಕೆ ಇಂಗ್ಲಿಷ್ ಶುರು ಮಾಡಿದವರನ್ನೂ 13ಕ್ಕೆ ಶುರು ಮಾಡಿದವರನ್ನೂ ಸಂಶೋಧಕಿ ಸಿಮೋನೆ ಫೆನಿಂಗರ್ ಹೋಲಿಸಿದರು. ಐದು ವರ್ಷದ ಮುನ್ನಡೆ ಬಹುಬೇಗ ಕರಗಿ ಹೋಗಿತ್ತು. ಇಡೀ ದಿನ ಆ ಭಾಷೆಯ ನಡುವೆಯೇ ಬೆಳೆಯುವ ಮಗುವಿನ ಕಥೆ ಬೇರೆ. ಅದನ್ನು ತಂದು ವಾರದ ಎರಡು ಪೀರಿಯಡ್‌ಗೆ ಹೊಂದಿಸಬೇಡಿ.

ಜರ್ಮನಿಯಲ್ಲೇ ನೋಡಿ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಶಾಲೆಗಳಲ್ಲಿ 2003ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಅಥವಾ ಫ್ರೆಂಚ್ ಶುರುವಾಗುತ್ತಿತ್ತು. 2018ರಲ್ಲಿ ಅದನ್ನು ಮೂರನೇ ತರಗತಿಗೆ ತಳ್ಳಿ, ಉಳಿದ ಗಂಟೆಗಳನ್ನು ಜರ್ಮನ್ ಮತ್ತು ಗಣಿತಕ್ಕೆ ಕೊಟ್ಟರು. ಮೊದಲು ಓದು, ಬರಹ, ಲೆಕ್ಕ ಗಟ್ಟಿಯಾಗಲಿ ಎಂದು.

ಲೆಕ್ಕದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಜರ್ಮನ್‌ನಲ್ಲಿ 21 ಎಂದರೆ 'ಐನ್-ಉಂಟ್-ಟ್ಸ್ವಾನ್ಟ್ಸಿಶ್', ಒಂದು ಮತ್ತು ಇಪ್ಪತ್ತು. ಕಿವಿಗೆ ಮೊದಲು ಬೀಳುವುದು ಬಿಡಿ, ಕೈ ಮೊದಲು ಬರೆಯಬೇಕಾದ್ದು ಹತ್ತು. ಜರ್ಮನ್ ಮನೆಮಾತಿನ ಮಕ್ಕಳೇ ಅಂಕಿ ಉಲ್ಟಾ ಬರೆಯುತ್ತಾರೆ. ಈ ಪದ್ಧತಿ ಬದಲಾಗಲಿ ಎಂದು ಅಲ್ಲಿ ಒಂದು ಸಂಘವೇ ಇದೆ. ಬಿಡಿಸ್ಥಾನ, ಹತ್ತರ ಸ್ಥಾನ ಇನ್ನೂ ಗಟ್ಟಿಯಾಗದ ಏಳು ವರ್ಷದ ಮಗುವಿಗೆ ಈ ತಿರುವು ಈಗಲೇ ಯಾಕೆ? ಅಕ್ಷರದ್ದೂ ಇದೇ ಗೋಳು. 'ಡಬ್ಲ್ಯೂ' ಕಂಡರೆ 'ವ' ಎನ್ನಬೇಕು, 'ವೀ' ಕಂಡರೆ ಸಾಮಾನ್ಯವಾಗಿ 'ಫ', 'ಝೆಡ್' ಕಂಡರೆ 'ಟ್ಸ'. ಇಂಗ್ಲಿಷ್ ಓದಲು ಈಗಷ್ಟೇ ಕಲಿಯುತ್ತಿರುವ ಮಗು ಯಾವುದನ್ನು ಇಟ್ಟುಕೊಳ್ಳಬೇಕು? ಬರೀ ಬಾಯಿಮಾತಲ್ಲೇ ಕಲಿಸುತ್ತೇವೆ ಎನ್ನುತ್ತಾರೆ. ಆದರೆ ಮನೆಯವರಿಗೆ ತೋರಿಸಲು ಏನಾದರೂ ಬೇಕಲ್ಲ. ವರ್ಕ್‌ಶೀಟ್ ಬರುತ್ತದೆ, ಬಣ್ಣ ತುಂಬುವ ಕೆಲಸ ಬರುತ್ತದೆ, ಆಟ ಹೋಗುತ್ತದೆ.

ಕಲಿಸುವವರು ಯಾರು ಎನ್ನುವ ಪ್ರಶ್ನೆ ಇದೆಲ್ಲಕ್ಕಿಂತ ದೊಡ್ಡದು. ಜರ್ಮನ್ ಚೆನ್ನಾಗಿ ಬಲ್ಲವರಿಗೆ ಆರು ವರ್ಷದವರನ್ನು ಹತ್ತು ನಿಮಿಷ ಕೂರಿಸಲು ಬರುವುದಿಲ್ಲ. ಮಕ್ಕಳನ್ನು ಹಿಡಿಯಬಲ್ಲವರು ಎಷ್ಟೋ ಸಲ ಎರಡು ಪರೀಕ್ಷೆ ಪಾಸಾದ ಜರ್ಮನ್ ಇಟ್ಟುಕೊಂಡು ನಿಂತಿರುತ್ತಾರೆ. ಎಳೆಯ ಕಿವಿ ಸರಿಯಾದ ಉಚ್ಚಾರಣೆಯನ್ನು ಹಿಡಿಯುತ್ತದೆ ಎಂದರೆ ತಪ್ಪು ಉಚ್ಚಾರಣೆಯನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಅದನ್ನು ಬಿಡಿಸುವ ಕೆಲಸ ಆಮೇಲೆ ನನ್ನಂಥವರಿಗೆ.

ಕಿವಿ ತೆರೆಯುವುದು, ಧೈರ್ಯ ಬರುವುದು ಎಲ್ಲಾ ಒಳ್ಳೆಯದೇ. ಆದರೆ ಅದಕ್ಕೆ ಜರ್ಮನ್ನೇ ಯಾಕೆ ಬೇಕು? ಪಕ್ಕದ ಮನೆಯವರ ಭಾಷೆ, ಜೊತೆಗೆ ಆಡುವ ಹುಡುಗನ ಭಾಷೆ ಸಾಲದೇ? ಅದನ್ನು ಸಂಜೆಯೇ ಬಳಸಬಹುದು, ಆ ಹುಡುಗ ತಿದ್ದುತ್ತಾನೆ. ಜರ್ಮನ್ ಪೀರಿಯಡ್ ಮುಗಿದರೆ ಮುಂದಿನ ಪೀರಿಯಡ್ ತನಕ ಒಂದು ಪದವೂ ಕಿವಿಗೆ ಬೀಳುವುದಿಲ್ಲ.

ಕೊನೆಗೆ ಐದನೇ ತರಗತಿಯಲ್ಲಿ ಏನಾಗುತ್ತದೆ ಗೊತ್ತಾ? ಹೊಸಬರೂ ಹಳಬರೂ ಒಂದೇ ಬೆಂಚು. ಪುಸ್ತಕ ಮತ್ತೆ 'ಹಲೋ, ನನ್ನ ಹೆಸರು' ಇಂದ ಶುರು. ಹಳಬರು ಎರಡು ವಾರ ಮೆರೆಯುತ್ತಾರೆ, ಆಮೇಲೆ ಬೇಸರದಿಂದ ಕಿಟಕಿ ನೋಡುತ್ತಾರೆ. ಅಷ್ಟರಲ್ಲಿ ಹೊಸಬರು ಅವರನ್ನು ದಾಟಿ ಹೋಗಿರುತ್ತಾರೆ. ನಾಲ್ಕು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹಾಗಾಗಿ ಮಗುವನ್ನು ಸೇರಿಸುವ ಮೊದಲು ಗೊಂಬೆ ಚೆನ್ನಾಗಿದೆಯಾ, ಹಾಡು ಎಷ್ಟಿವೆ ಅಂತ ಸುಮ್ನೆ ಕೇಳಬೇಡಿ. ನಾಲ್ಕು ವರ್ಷ ಕಲಿತವರಿಗೆ ಐದನೇ ತರಗತಿಯಲ್ಲಿ ಬೇರೆ ಗುಂಪು ಇದೆಯಾ, ಅದಕ್ಕೆ ಶಿಕ್ಷಕರು ಇದ್ದಾರಾ ಎಂದು ಕೇಳಿ. ಇದ್ದಾರೆ ಎಂದರೆ ಖಂಡಿತ ಸೇರಿಸಿ, ನನ್ನ ತಕರಾರಿಲ್ಲ. 'ಅದು ಆಮೇಲೆ ನೋಡೋಣ' ಎಂದರೆ ಐದನೇ ತರಗತಿಯ ತನಕ ಕಾಯಿರಿ.